ಅವ್ವನ ಇಂಜೆಕ್ಷನ್‌ನಲ್ಲಿರುವ ಸಕ್ಕರೆ

ನಮಸ್ಕಾರ್ರಿ. ನಮ್ಮದು ಮುಧೋಳದ ಕಡೆ, ಕಬ್ಬಿನ ಸೀಮೆ. ಇಲ್ಲಿ ಸಕ್ಕರೆ ಅಂದ್ರೆ ಒಂದೋ ಫ್ಯಾಕ್ಟರಿ ಬಿಲ್ಲಿನ ಮಾತು, ಇಲ್ಲಾ ಶುಗರ್ ಬಂದವರ ಮಾತು. ನಾನು ಇವತ್ತು ಹೇಳೋದು ಬೇರೆಯದೇ ಸಕ್ಕರೆ, ಪ್ರೋಟೀನಿಗೆ ಅಂಟಿಕೊಂಡಿರೋ ಸಕ್ಕರೆ; ಅದನ್ನು ಪಿಯುಸಿಯಲ್ಲೇ ಸರಿಯಾಗಿ ಕಲಿಸಬೇಕು ಅನ್ನೋದು ನನ್ನ ಹಟ.

ಅವ್ವನಿಗೆ ಬಾಗಲಕೋಟೆಯಲ್ಲಿ ಡಯಾಲಿಸಿಸ್ ಆಗುತ್ತದೆ. ಮೈಯಲ್ಲಿ ರಕ್ತ ಕಡಿಮೆಯಾಗಬಾರದು ಅಂತ ಎರಿಥ್ರೋಪೊಯೆಟಿನ್ ಇಂಜೆಕ್ಷನ್ ಕೊಡುತ್ತಿದ್ದರು, ವಾರಕ್ಕೆ ಮೂರು ಸಲ. ಅದು ಪ್ರೋಟೀನ್. ಆದರೆ ಅದರ ತೂಕದಲ್ಲಿ ಸುಮಾರು 40% ಸಕ್ಕರೆಯ ಸರಪಳಿ! ಕಬ್ಬಿನಲ್ಲಿ ಗಣಿಕೆಯ ಮೇಲೆ ಗಣಿಕೆ ಬಂದು ತುದಿಗೆ ಸುಳಿ ಇರುತ್ತದಲ್ವಾ, ಹಾಗೆ ಈ ಸರಪಳಿಯ ತುದಿಗೆ ಸಿಯಾಲಿಕ್ ಆಸಿಡ್ ಅನ್ನೋ ಒಂದು ಬಗೆಯ ಸಕ್ಕರೆ ಇರುತ್ತದೆ. ಅದು ಇಲ್ಲದಿದ್ದರೆ ಕೆಳಗಿನ ಗ್ಯಾಲಕ್ಟೋಸ್ ಅನ್ನೋ ಸಕ್ಕರೆ ಬಯಲಿಗೆ ಬೀಳುತ್ತದೆ, ಲಿವರ್ ಅದನ್ನು ಗುರುತು ಹಿಡಿದು ಆ ಔಷಧಿಯನ್ನು ಕೆಲವೇ ನಿಮಿಷಗಳಲ್ಲಿ ರಕ್ತದಿಂದ ಎಳೆದುಕೊಂಡುಬಿಡುತ್ತದೆ.

ಈ ಸುಳಿ ಕೂರಿಸುವವರು ಸಿಯಾಲಿಲ್‌ಟ್ರಾನ್ಸ್‌ಫರೇಸ್ ಅನ್ನೋ ಕಿಣ್ವಗಳು. ಮನುಷ್ಯರಲ್ಲಿ 20 ಇವೆ. ಸಿಯಾಲಿಕ್ ಆಸಿಡ್ ಸುಮ್ನೆ ಹೋಗಿ ಅಂಟಿಕೊಳ್ಳೋದಿಲ್ಲ. ಮೊದಲು ಜೀವಕೋಶದ ನ್ಯೂಕ್ಲಿಯಸ್‌ನಲ್ಲಿ ಅದಕ್ಕೆ ಸಿಎಂಪಿ ಅನ್ನೋ ಹಿಡಿಕೆ ಕಟ್ಟಬೇಕು, ಆಮೇಲೆ ಒಂದು ಸಾಗಣೆ ಪ್ರೋಟೀನ್ ಅದನ್ನು ಜೀವಕೋಶದಲ್ಲಿ ಪ್ರೋಟೀನ್‌ಗಳನ್ನು ಸಿದ್ಧಮಾಡಿ ಕಳಿಸೋ ಗಾಲ್ಗಿ ಅನ್ನೋ ಭಾಗದೊಳಗೆ ದಾಟಿಸಬೇಕು, ಅಲ್ಲಿ ಕಿಣ್ವ ಹಿಡಿಕೆ ಬಿಡಿಸಿ ಸರಪಳಿಯ ತುದಿಗೆ ಜೋಡಿಸುತ್ತದೆ. ಜೋಡಿಸೋ ಜಾಗವೂ ಮುಖ್ಯ. ಗ್ಯಾಲಕ್ಟೋಸ್‌ನ 3ನೇ ಕಾರ್ಬನ್‌ಗೆ ಒಂದು ಕಿಣ್ವ, 6ನೇ ಕಾರ್ಬನ್‌ಗೆ ಇನ್ನೊಂದು. ಇಷ್ಟು ಸಣ್ಣ ವ್ಯತ್ಯಾಸ ನೋಡಿ: ಹಕ್ಕಿಗಳ ಫ್ಲೂ ವೈರಸ್ ಹೆಚ್ಚಾಗಿ 3ರ ಜೋಡಣೆಯನ್ನು ಹಿಡಿಯುತ್ತದೆ, ಮನುಷ್ಯರ ಫ್ಲೂ 6ರದನ್ನು.

ಇಷ್ಟೆಲ್ಲ ಇರುವಾಗ ನಾನು ಓದಿದ ಪುಸ್ತಕದಲ್ಲಿ ಏನಿತ್ತು? ಗಾಲ್ಗಿ ಪಾಠದಲ್ಲಿ ಗ್ಲೈಕೋಪ್ರೋಟೀನ್ (ಸಕ್ಕರೆ ಅಂಟಿದ ಪ್ರೋಟೀನ್) ಇಲ್ಲಿ ತಯಾರಾಗುತ್ತದೆ ಅಂತ ಒಂದು ಸಾಲು. ಡಿಎನ್ಎಗೆ ವಾರಗಟ್ಟಲೆ, ಇದಕ್ಕೆ ಒಂದು ಸಾಲು. ನನಗೆ ಇದು ಸರಿ ಅನ್ನಿಸೋದಿಲ್ಲ. ಒಂದು ಪೂರ್ತಿ ಕ್ಲಾಸ್ ಕೊಡಿ, ಮಕ್ಕಳಿಗೆ ಅರ್ಥವಾಗುತ್ತದೆ, ಕಬ್ಬು ನೋಡಿ ಬೆಳೆದವರು ಅವರು.

ಎರಿಥ್ರೋಪೊಯೆಟಿನ್ ಅನ್ನೇ ಸ್ವಲ್ಪ ಬದಲಿಸಿ ಮಾಡಿದ, 2001ರಲ್ಲಿ ಬಳಕೆಗೆ ಬಂದ ಡಾರ್ಬೆಪೊಯೆಟಿನ್ ಅನ್ನೋ ಔಷಧಿಯಲ್ಲಿ ಎರಡು ಸರಪಳಿ ಜಾಸ್ತಿ ಇವೆ. ಹಾಗಾಗಿ ಹೆಚ್ಚೆಂದರೆ 14 ಸಿಯಾಲಿಕ್ ಆಸಿಡ್ ಇದ್ದ ಕಡೆ 22 ಕೂರುತ್ತವೆ, ರಕ್ತದಲ್ಲಿ ಸುಮಾರು ಮೂರು ಪಟ್ಟು ಹೊತ್ತು ಉಳಿಯುತ್ತದೆ. ಈಗ ಅವ್ವನಿಗೆ ಅದೇ, ವಾರಕ್ಕೆ ಒಂದೇ ಸೂಜಿ.

ಇದನ್ನೆಲ್ಲ ಅವಳಿಗೆ ಹೇಳಿದೆ. ಪೂರ್ತಿ ಕೇಳಿ, "ಹಂಗಾದ್ರ ಇದರಿಂದ ಶುಗರ್ ಏರಂಗಿಲ್ಲಲ್ಲ?" ಅಂದಳು. ಏರಂಗಿಲ್ಲವ್ವ ಅಂದೆ.