ಔಷಧಿ ಊರಿನ ಹತ್ತಿರ ಬಂದಾಗ

ಆತ್ಮೀಯ ಕೇಳುಗರೇ, ನಮಸ್ಕಾರ.

2015ರಲ್ಲಿ ಪಂಜಾಬಿನಲ್ಲಿ ಒಂದು ಸಮೀಕ್ಷೆ ನಡೆಯಿತು. ದೆಹಲಿಯ ಏಮ್ಸ್ ಸಂಸ್ಥೆಯ ತಜ್ಞರೂ ಅವರ ಜೊತೆಗಾರರೂ ಹತ್ತು ಜಿಲ್ಲೆಗಳಲ್ಲಿ ಓಡಾಡಿ, ಹೆರಾಯಿನ್, ಅಫೀಮು, ಗಸಗಸೆ ಕಾಯಿಯ ಸಿಪ್ಪೆ, ಕೆಲವು ಬಗೆಯ ನೋವಿನ ಮಾತ್ರೆ ಇವುಗಳ ಹಿಡಿತಕ್ಕೆ ಸಿಕ್ಕವರನ್ನು ಹುಡುಕಿ ಮಾತನಾಡಿಸಿದರು. ಇವೆಲ್ಲವೂ ಓಪಿಯಾಯ್ಡ್ ಎಂಬ ಒಂದೇ ಗುಂಪಿಗೆ ಸೇರಿದ ವಸ್ತುಗಳು. ಇವಿಲ್ಲದೆ ದಿನ ದೂಡಲಾಗದವರು ಆ ರಾಜ್ಯದಲ್ಲಿ ಸುಮಾರು 2 ಲಕ್ಷ 32 ಸಾವಿರ ಮಂದಿ ಇದ್ದಾರೆಂದು ಅಂದಾಜಾಯಿತು. ಬಹುಪಾಲು ಎಳೆಯ ವಯಸ್ಸಿನ ಗಂಡಸರು. ಆ ವರದಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಇನ್ನೊಂದಿದೆ. ಅವರಲ್ಲಿ ಹತ್ತಕ್ಕೆ ಎಂಟು ಮಂದಿ ಬಿಡಲು ಪ್ರಯತ್ನಪಟ್ಟವರೇ. ನೆರವು ಸಿಕ್ಕವರು ಅದರ ಅರ್ಧದಷ್ಟೂ ಇರಲಿಲ್ಲ.

ಅಂದರೆ ಮನಸ್ಸಿಲ್ಲದೆ ಕೆಟ್ಟವರು ಇವರು ಎಂದು ನಾವು ಹೇಳಿಕೊಂಡು ಬಂದ ಮಾತು ಸುಳ್ಳು. ಮನಸ್ಸಿತ್ತು. ಹೋಗಲು ಜಾಗವಿರಲಿಲ್ಲ. ಇದ್ದರೂ ಅದು ದೂರದ ಪಟ್ಟಣದಲ್ಲಿತ್ತು, ವಾರಗಟ್ಟಲೆ ಒಳಗೆ ಮಲಗಬೇಕಿತ್ತು, ದುಡ್ಡು ಕಟ್ಟಬೇಕಿತ್ತು.

ಬಿಡುವುದು ಎಂದರೆ ಏನೆಂದು ಮೊದಲು ಹೇಳಬೇಕು. ಹೆರಾಯಿನ್‌ಗೆ ಒಗ್ಗಿದ ದೇಹಕ್ಕೆ ಅದು ಸಿಗದೆ ಅರ್ಧ ದಿನ ಕಳೆಯಿತೆಂದರೆ ಮೇಲಿಂದ ಮೇಲೆ ಆಕಳಿಕೆ ಶುರುವಾಗುತ್ತದೆ. ಮೂಗು ಸೋರುತ್ತದೆ, ಕಣ್ಣಲ್ಲಿ ನೀರಿಳಿಯುತ್ತದೆ. ಬೇಸಿಗೆಯಲ್ಲೂ ಮೈ ನಡುಗಿ ರೋಮ ನಿಮಿರುತ್ತದೆ. ಕಾಲಿನ ಮೂಳೆಯೊಳಗಿಂದ ಹಿಂಡಿದಂಥ ನೋವು, ಹೊಟ್ಟೆ ನುಲಿತ, ಭೇದಿ, ರಾತ್ರಿಯೆಲ್ಲ ನಿದ್ದೆಯಿಲ್ಲದ ಹೊರಳಾಟ. ಪಂಜಾಬಿನಲ್ಲಿ ಇದಕ್ಕೆ ತೋಡ್ ಎನ್ನುತ್ತಾರೆ. ಈ ಅವಸ್ಥೆಯಲ್ಲಿರುವವನ ಮುಂದೆ ಕುಳಿತು ಬುದ್ಧಿವಾದ ಹೇಳಿದರೆ ಅವನಿಗೆ ಒಂದಕ್ಷರವೂ ಕೇಳಿಸುವುದಿಲ್ಲ. ಅವನಿಗೆ ಆ ಕ್ಷಣ ಬೇಕಾದದ್ದು ಈ ನೋವು ನಿಲ್ಲುವುದು.

ನಾಲ್ಕಾರು ದಿನದಲ್ಲಿ ಆ ನರಳಾಟ ತಗ್ಗುತ್ತದೆ ಎಂಬುದು ನಿಜ. ಅಷ್ಟಕ್ಕೆ ಗೆದ್ದೆವೆಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ನಿಜವಾದ ಅಪಾಯ ಇರುವುದು ಅದರಾಚೆ. ಮೆದುಳಿನ ಹಸಿವು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುತ್ತದೆ. ಆದರೆ ಮದ್ದನ್ನು ತಾಳಿಕೊಳ್ಳುವ ದೇಹದ ಶಕ್ತಿ ಕೆಲವೇ ವಾರಗಳಲ್ಲಿ ಇಳಿದುಬಿಡುತ್ತದೆ. ಪುನರ್ವಸತಿ ಕೇಂದ್ರದಿಂದಲೋ ಜೈಲಿನಿಂದಲೋ ಹೊರಬಂದ ಹುಡುಗ ಒಂದು ದಿನ ಸೋತು ಹಳೆಯ ಅಳತೆಯಲ್ಲೇ ತೆಗೆದುಕೊಂಡರೆ ಅವನ ಉಸಿರಾಟ ನಿಧಾನವಾಗಿ ನಿಂತೇಹೋಗುತ್ತದೆ. 'ಈಗಷ್ಟೇ ಸರಿಹೋಗಿ ಬಂದಿದ್ದ' ಎಂದು ತಾಯಂದಿರು ಅಳುವುದು ಈ ಕಾರಣಕ್ಕೆ. ಹಾಗಾಗಿ ಕೆಲವು ದಿನ ಕೂಡಿಹಾಕಿ, ಮೈ ಶುದ್ಧ ಮಾಡಿ, ಮುಂದೆ ಯಾವ ಆಸರೆಯೂ ಇಲ್ಲದೆ ಕಳಿಸುವುದನ್ನು ನಾನು ಚಿಕಿತ್ಸೆ ಎಂದು ಕರೆಯಲಾರೆ.

ಹಾಗಾದರೆ ಚಿಕಿತ್ಸೆ ಯಾವುದು? 1965ರಲ್ಲಿ ನ್ಯೂಯಾರ್ಕಿನ ಇಬ್ಬರು ವೈದ್ಯರು, ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್, ಹೆರಾಯಿನ್ ವ್ಯಸನಿಗಳಾಗಿದ್ದ 22 ಜನರಿಗೆ ಮೆಥಡೋನ್ ಎಂಬ ಔಷಧಿಯನ್ನು ದಿನವೂ ಕೊಟ್ಟು ನೋಡಿದ ವರದಿ ಪ್ರಕಟಿಸಿದರು. ಬೀದಿಯಲ್ಲಿದ್ದವರು ಓದಿಗೆ, ಕೆಲಸಕ್ಕೆ, ಮನೆಗೆ ಮರಳಿದ್ದರು. ಮುಂದೆ ಬ್ಯುಪ್ರಿನಾರ್ಫಿನ್ ಬಂದಿತು. ಇದೂ ಓಪಿಯಾಯ್ಡ್ ಗುಂಪಿನದೇ, ಆದರೆ ಇದರ ಪರಿಣಾಮ ಒಂದು ಮಟ್ಟದವರೆಗೆ ಏರಿ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಉಸಿರು ಕಟ್ಟುವ ಭಯ ಹೆರಾಯಿನ್‌ಗಿಂತ ಬಹಳ ಕಡಿಮೆ. ಆದರೆ ಮದ್ಯ ಅಥವಾ ನಿದ್ದೆಮಾತ್ರೆಯ ಜೊತೆ ಬೆರೆಸಿದರೆ ಅಪಾಯ ಉಂಟು, ಇದನ್ನು ಮರೆಯಬಾರದು. ನಾಲಿಗೆಯಡಿ ಇಟ್ಟುಕೊಂಡರೆ ಒಂದು ಹೊತ್ತಿನ ಮಾತ್ರೆ ಹೆಚ್ಚುಕಡಿಮೆ ಇಡೀ ದಿನ ಕಾಯುತ್ತದೆ. ನೋವಿಲ್ಲ, ಆಕಳಿಕೆಯಿಲ್ಲ, ಅಮಲೂ ಇಲ್ಲ. ಮನುಷ್ಯ ಬೆಳಿಗ್ಗೆ ಎದ್ದು ಗದ್ದೆಗೆ ಹೋಗಬಲ್ಲ. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಎರಡೂ ಔಷಧಿಗಳನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಒಂದು ಚಟ ಬಿಡಿಸಿ ಇನ್ನೊಂದು ಚಟ ಹತ್ತಿಸಿದಂತೆ ಆಗಲಿಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಮಕ್ಕಳ ಮೇಲಿನ ಕಾಳಜಿಯಿಂದಲೇ ಕೇಳುತ್ತಾರೆ, ಆದ್ದರಿಂದ ಉತ್ತರವನ್ನೂ ಗೌರವದಿಂದ ಕೊಡಬೇಕು. ಹೆರಾಯಿನ್ ಹಿಂದೆ ಬಿದ್ದವನ ದಿನವೆಲ್ಲ ಮುಂದಿನ ಪೊಟ್ಟಣ ಎಲ್ಲಿಂದ ಬರಬೇಕೆಂಬ ಯೋಚನೆಯಲ್ಲೇ ಕಳೆಯುತ್ತದೆ. ಸಾಲ, ಸುಳ್ಳು, ಹೆಂಡತಿಯ ಓಲೆ ಗಿರವಿ, ಹಂಚಿಕೊಂಡ ಸೂಜಿಯಿಂದ ಎಚ್‌ಐವಿ, ಎಲ್ಲವೂ ಅದರ ಬೆನ್ನಿಗೇ ಬರುತ್ತವೆ. ವೈದ್ಯರು ಅಳೆದು ಕೊಟ್ಟ ಮಾತ್ರೆ ತೆಗೆದುಕೊಳ್ಳುವವನಿಗೆ ಇದು ಯಾವುದೂ ಇಲ್ಲ. ಸಕ್ಕರೆ ಕಾಯಿಲೆಯವರು ವರ್ಷಗಟ್ಟಲೆ ಮಾತ್ರೆ ನುಂಗಿದರೆ ನಾವು ಅವರನ್ನು ಮಾತ್ರೆಯ ಚಟದವರು ಎನ್ನುವುದಿಲ್ಲ. ಫ್ರಾನ್ಸ್ ದೇಶ 1995ರಿಂದ ಸಾಮಾನ್ಯ ಕುಟುಂಬ ವೈದ್ಯರೂ ಬ್ಯುಪ್ರಿನಾರ್ಫಿನ್ ಬರೆದುಕೊಡಬಹುದೆಂದು ಅನುಮತಿ ಕೊಟ್ಟಿತು. ನಾಲ್ಕು ವರ್ಷಗಳಲ್ಲಿ ಅಲ್ಲಿ ಅತಿ ಸೇವನೆಯ ಸಾವುಗಳು ಶೇಕಡ 79ರಷ್ಟು ಇಳಿದವು. ಔಷಧಿ ಬೀದಿಯ ಕೊನೆಯ ದವಾಖಾನೆಯಲ್ಲಿ ಸಿಗತೊಡಗಿತ್ತು.

ನಮ್ಮ ದೇಶಕ್ಕೂ ಇದು ಹೊಸದಲ್ಲ. ಸೂಜಿ ಹಂಚಿಕೊಂಡು ಎಚ್‌ಐವಿ ಹಬ್ಬಿದ ಮಣಿಪುರದಲ್ಲಿ, ದೆಹಲಿಯ ಬಡ ಬಸ್ತಿಗಳಲ್ಲಿ, ಸ್ವಯಂಸೇವಾ ಸಂಸ್ಥೆಗಳು ಈ ಮಾತ್ರೆ ಕೊಡಲು ಮೊದಲೇ ಆರಂಭಿಸಿದ್ದವು. ಆಮೇಲೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಅದನ್ನು ತನ್ನ ಕಾರ್ಯಕ್ರಮವಾಗಿ ತೆಗೆದುಕೊಂಡಿತು. ಏಮ್ಸ್‌ನವರು ತ್ರಿಲೋಕಪುರಿಯಂಥ ಬಡಾವಣೆಯೊಳಗೇ ಕ್ಲಿನಿಕ್ ನಡೆಸಿದರು. ಇಂಥ ಕೇಂದ್ರದಲ್ಲಿ ಬೆಳಗಿನ ಹೊತ್ತು ಕಾಣುವುದು ಇಷ್ಟೇ. ಒಂದು ಕಿಟಕಿ, ಒಳಗೆ ದಾದಿ, ಮುಂದೆ ಹಾಜರಿ ಪುಸ್ತಕ. ಬಂದವನ ಹೆಸರು ನೋಡಿ, ಅವನ ಪ್ರಮಾಣದ ಮಾತ್ರೆಗಳನ್ನು ದಾದಿ ಪುಡಿ ಮಾಡುತ್ತಾರೆ. ಅವನು ನಾಲಿಗೆ ಮೇಲೆತ್ತುತ್ತಾನೆ, ಪುಡಿಯನ್ನು ಅದರಡಿ ಹಾಕುತ್ತಾರೆ. ಬೆಂಚಿನ ಮೇಲೆ ಕೆಲವು ನಿಮಿಷ ಬಾಯಿ ಮುಚ್ಚಿ ಕೂರಬೇಕು. ಕರಗಿದ ಮೇಲೆ ಬಾಯಿ ತೆರೆದು ತೋರಿಸಿ, ಸಹಿ ಹಾಕಿ ಹೊರಡಬೇಕು. ಬೆಂಚಿನಲ್ಲಿ ಕೂತಷ್ಟು ಹೊತ್ತು ಮಾತಾಡುವಂತಿಲ್ಲ, ಮಾತೆಲ್ಲ ಆಮೇಲೆ. ಕೆಲಸ ಸಿಕ್ಕಿತೇ, ಮಗಳ ಜ್ವರ ಬಿಟ್ಟಿತೇ ಎಂದು ದಾದಿ ಕೇಳುವ ಆ ಎರಡು ಮಾತಿಗೂ ಔಷಧಿಯಷ್ಟೇ ಬಲವಿದೆ ಎಂದು ನಾನು ನಂಬಿದ್ದೇನೆ. ಎಷ್ಟೋ ಮಂದಿಯನ್ನು ಅವರ ಹೆಸರು ಹಿಡಿದು ಮರ್ಯಾದೆಯಿಂದ ಯಾರೂ ಕರೆದಿರುವುದಿಲ್ಲ.

ಪಂಜಾಬ್ ಇದನ್ನು ದೊಡ್ಡದಾಗಿ ಮಾಡಿತು. 2017ರ ಅಕ್ಟೋಬರಿನಲ್ಲಿ ಮೋಗಾ, ತರನ್ ತಾರನ್, ಅಮೃತಸರ ಜಿಲ್ಲೆಗಳಲ್ಲಿ ಹೊರರೋಗಿ ಕ್ಲಿನಿಕ್‌ಗಳು ತೆರೆದವು. ಸರ್ಕಾರಿ ಕೇಂದ್ರಗಳಲ್ಲಿ ಬ್ಯುಪ್ರಿನಾರ್ಫಿನ್ ಜೊತೆ, ಓಪಿಯಾಯ್ಡ್‌ಗಳ ಪರಿಣಾಮವನ್ನು ತಡೆಯುವ ನಲಾಕ್ಸೋನ್ ಎಂಬ ಔಷಧಿಯನ್ನು ಸೇರಿಸಿದ ಮಾತ್ರೆಯನ್ನು ಉಚಿತವಾಗಿ ಕೊಡುತ್ತಾರೆ. ನಲಾಕ್ಸೋನ್ ಸೇರಿಸುವುದಕ್ಕೆ ಕಾರಣವಿದೆ: ನಾಲಿಗೆಯಡಿ ಇಟ್ಟರೆ ಅದು ಸುಮ್ಮನಿರುತ್ತದೆ, ಯಾರಾದರೂ ಕರಗಿಸಿ ಚುಚ್ಚಿಕೊಂಡರೆ ಕೂಡಲೇ ತೋಡ್ ಎಬ್ಬಿಸುತ್ತದೆ. ಕ್ಲಿನಿಕ್‌ಗಳು ಕ್ರಮೇಣ 500 ದಾಟಿದವು, ಹಳ್ಳಿಗಾಡಿನ ಆಸ್ಪತ್ರೆಗಳವರೆಗೂ ಹೋದವು. ಆರಂಭದಲ್ಲಿ ದಿನವೂ ಬಂದು ಅಲ್ಲೇ ಮಾತ್ರೆ ತೆಗೆದುಕೊಳ್ಳಬೇಕಿತ್ತು. ಗೋಧಿ ಕೊಯ್ಲಿನ ಕಾಲದಲ್ಲಿ ದಿನಗೂಲಿಯವನಿಗೆ ಬಸ್ ಹಿಡಿದು ಸರದಿಯಲ್ಲಿ ನಿಂತರೆ ಅರ್ಧ ದಿನದ ಕೂಲಿ ಹೋಯಿತು. ಮೂರು ದಿನ ಬಂದವನು ನಾಲ್ಕನೆಯ ದಿನ ಬರುವುದಿಲ್ಲ, ಹಳೆಯ ಸ್ನೇಹಿತ ಪೊಟ್ಟಣ ಹಿಡಿದು ಮನೆ ಬಾಗಿಲಿಗೇ ಬರುತ್ತಾನೆ. 2020ರ ಲಾಕ್‌ಡೌನ್‌ನಲ್ಲಿ ಸರ್ಕಾರ ಮನೆಗೆ ಒಯ್ಯುವ ಮಾತ್ರೆಯ ದಿನಗಳನ್ನು ಹೆಚ್ಚಿಸಿತು. ಅನಿವಾರ್ಯದಿಂದ ಬಂದ ಆ ಸಡಿಲಿಕೆ ಎಷ್ಟೋ ಕುಟುಂಬಗಳನ್ನು ಉಳಿಸಿತು.

ಅಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳುವುದಿಲ್ಲ. ಖಾಸಗಿ ಕೇಂದ್ರಗಳಿಂದ ಮಾತ್ರೆ ಕಾಳಸಂತೆಗೆ ಸೋರಿದ ಆರೋಪಗಳು ಬಂದವು. ಆಪ್ತಸಮಾಲೋಚಕರು ಸಾಲುತ್ತಿಲ್ಲ. ಹೆಣ್ಣುಮಕ್ಕಳು ಗಂಡಸರ ಸಾಲಿನಲ್ಲಿ ನಿಲ್ಲಲು ಹಿಂಜರಿದು ಮನೆಯಲ್ಲೇ ಉಳಿಯುತ್ತಾರೆ. ಇವಕ್ಕೆ ಪರಿಹಾರ ಹುಡುಕಬೇಕು, ಕಿಟಕಿ ಮುಚ್ಚಬಾರದು.

ಇನ್ನು ನಮ್ಮ ಮಾತು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಓಪಿಯಾಯ್ಡ್ ಬಳಕೆಯಿಂದ ತೊಂದರೆಗೆ ಸಿಕ್ಕಿ ನೆರವು ಬೇಕಾದವರು ಸುಮಾರು 77 ಲಕ್ಷ. ಪಂಜಾಬ್, ಹರಿಯಾಣ, ಈಶಾನ್ಯ ರಾಜ್ಯಗಳ ಹೊರೆ ಕರ್ನಾಟಕದ ಮೇಲಿಲ್ಲ. ಆದರೂ ಟಪೆಂಟಡಾಲ್ ಎಂಬ ನೋವಿನ ಮಾತ್ರೆಯನ್ನು ಅಮಲಿಗಾಗಿ ಮಾರುತ್ತಿದ್ದವರ ಬಂಧನ ಎಂಬ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲೂ ನಾವು ಓದುತ್ತಿದ್ದೇವೆ. ಪೊಲೀಸರು ಮಾರುವವರನ್ನು ಹಿಡಿದ ಮರುದಿನ, ಅದನ್ನೇ ನಂಬಿದ್ದ ಹುಡುಗರಿಗೆ ತೋಡ್ ಶುರುವಾಗಿರುತ್ತದೆ. ಅವರು ಆ ದಿನ ಎಲ್ಲಿಗೆ ಹೋಗಬೇಕು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಒಳ್ಳೆಯ ವಿಭಾಗವಿದೆ, ನಿಜ. ಆದರೆ ರಾಯಚೂರಿನ ಹಳ್ಳಿಯಿಂದ ವಾರ ವಾರ ಅಲ್ಲಿಗೆ ಬರುವುದು ಯಾರಿಂದಾದೀತು? ನಮ್ಮಲ್ಲಿ ಮನೋಚೈತನ್ಯ ಕಾರ್ಯಕ್ರಮವಿದೆ. ಮಂಗಳವಾರದಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಯಲ್ಲೇ ರೋಗಿಗಳನ್ನು ನೋಡುವ ಏರ್ಪಾಡು ಅದು. ಈ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರ ತರಲು ಅದಕ್ಕಿಂತ ಸಿದ್ಧವಾದ ಬಾಗಿಲು ನನಗೆ ಕಾಣುತ್ತಿಲ್ಲ. ಮನೋವೈದ್ಯರು ಪ್ರಮಾಣ ಗೊತ್ತುಮಾಡಲಿ, ವಾರದ ಉಳಿದ ದಿನ ತರಬೇತಿ ಪಡೆದ ಅಲ್ಲಿನ ವೈದ್ಯರೂ ದಾದಿಯರೂ ನೋಡಿಕೊಳ್ಳಲಿ.

ಮನೆಯವರಿಗೆ ಕೆಲವು ಮಾತು. ಮಗನನ್ನು ಕಟ್ಟಿಹಾಕಿ ಚಟ ಬಿಡಿಸುತ್ತೇವೆ ಎನ್ನುವ ಕೇಂದ್ರಕ್ಕೆ ದಯವಿಟ್ಟು ಕಳಿಸಬೇಡಿ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ವ್ಯಸನದ ತೊಂದರೆಯನ್ನೂ ಒಳಗೊಳ್ಳುತ್ತದೆ, ಸರಪಳಿ ಹಾಕುವುದನ್ನು ನಿಷೇಧಿಸುತ್ತದೆ. ಪೊಲೀಸರ ಭಯದಿಂದ ಆಸ್ಪತ್ರೆ ತಪ್ಪಿಸಬೇಡಿ. ಮಾದಕ ವಸ್ತು ಕಾಯ್ದೆಯ 64ಎ ಕಲಮು, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಅವನಿಗೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಬ್ಯುಪ್ರಿನಾರ್ಫಿನ್ ಮಾತ್ರೆಯನ್ನು ನೀವಾಗಿಯೇ ಎಲ್ಲಿಂದಲೋ ತಂದು ಕೊಡಬೇಡಿ. ಹೆರಾಯಿನ್ ಮೈಯಲ್ಲಿರುವಾಗಲೇ ಅದನ್ನು ಕೊಟ್ಟರೆ ತೋಡ್ ಒಮ್ಮೆಲೇ ಕೆರಳುತ್ತದೆ, ಮೊದಲ ಮಾತ್ರೆಯ ಹೊತ್ತನ್ನು ವೈದ್ಯರೇ ನಿರ್ಧರಿಸಬೇಕು. ಯಾರಾದರೂ ಎಬ್ಬಿಸಿದರೂ ಏಳದೆ, ತುಟಿ ನೀಲಿಗಟ್ಟಿ, ಗೊರಗೊರ ಉಸಿರಾಡುತ್ತಿದ್ದರೆ ನಿದ್ದೆ ಎಂದುಕೊಳ್ಳಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ, ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಏನು ತೆಗೆದುಕೊಂಡಿದ್ದಾನೆಂದು ಮುಚ್ಚಿಡದೆ ವೈದ್ಯರಿಗೆ ಹೇಳಿ. ಅವರ ಬಳಿ ನಲಾಕ್ಸೋನ್ ಚುಚ್ಚುಮದ್ದಿದ್ದರೆ ಉಸಿರು ಮರಳುತ್ತದೆ.

ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿನ ತೊಂದರೆಗಳಿಗೆ ಟೆಲಿ ಮಾನಸ್, 14416, ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಕರೆಯನ್ನು ವ್ಯಸನಿಯೇ ಮಾಡಬೇಕೆಂದಿಲ್ಲ, ಅಕ್ಕನೋ ಅಮ್ಮನೋ ಗೆಳೆಯನೋ ಮಾಡಬಹುದು. ಮಾಡಿದಾಗ 'ನಮ್ಮ ಜಿಲ್ಲೆಯಲ್ಲಿ ಬ್ಯುಪ್ರಿನಾರ್ಫಿನ್ ಎಲ್ಲಿ ಕೊಡುತ್ತಾರೆ' ಎಂದು ಹೆಸರು ಹಿಡಿದೇ ಕೇಳಿ. ಇಲ್ಲ ಎಂಬ ಉತ್ತರ ಬಂದರೆ ಅದೇ ಪ್ರಶ್ನೆಯನ್ನು ಜಿಲ್ಲಾ ಆಸ್ಪತ್ರೆಯ ಮುಖ್ಯಸ್ಥರಿಗೂ ನಿಮ್ಮ ಶಾಸಕರಿಗೂ ಕೇಳಿ.

ನಮಸ್ಕಾರ.