ಆನೆಯನ್ನೂ ಒಂದು ಮಾತು ಕೇಳಿ

ಕೇಳುಗರಿಗೆಲ್ಲ ನಮಸ್ಕಾರ. ತೋಟದಲ್ಲಿ ಕೆಲಸ ಮಾಡುತ್ತಾ, ಒಲೆ ಮುಂದೆ ಅಕ್ಕಿ ರೊಟ್ಟಿ ತಟ್ಟುತ್ತಾ ರೇಡಿಯೋ ಹಚ್ಚಿದ್ದೀರಿ. ನಿಮ್ಮ ಹತ್ತಿರ ಒಂದೇ ವಿಷಯ ಮಾತಾಡುತ್ತೇನೆ.

ಮನುಷ್ಯರಿಗೂ ಪ್ರಾಣಿಗಳಿಗೂ ಇರುವ ನಂಟನ್ನು ಓದುವುದಕ್ಕೇ ಒಂದು ಶಾಸ್ತ್ರ ಇದೆ. 1980ರಲ್ಲಿ ಅಮೆರಿಕದ ಎರಿಕಾ ಫ್ರೀಡ್‌ಮನ್ ಮತ್ತು ಜೊತೆಗಾರರು ಹೃದ್ರೋಗಿಗಳ ಬೆನ್ನು ಹತ್ತಿದರು. ವರ್ಷ ಕಳೆದಾಗ ನೋಡಿದರೆ, ಮನೆಯಲ್ಲಿ ಸಾಕುಪ್ರಾಣಿ ಇದ್ದವರು ಬದುಕಿದ್ದು ಜಾಸ್ತಿ. ಶುರುವಾಯಿತು ನೋಡಿ: ನಾಯಿ ಸಾಕಿದರೆ ನಮಗೇನು ಲಾಭ? ಬರೀ ನಮಗೆ, ನಮಗೆ! ಈಗ ಗಾಳಿ ತಿರುಗಿದೆ. ಪ್ರಾಣಿಗೆ ಏನನಿಸುತ್ತದೆ ಅಂತ ಕೇಳುತ್ತಿದ್ದಾರೆ. ಕೊನೆಗೂ!

ನಮ್ಮ ಜೇನುಕುರುಬ ಮಾವುತರು ಇದನ್ನು ಯಾವತ್ತಿನಿಂದಲೋ ಕೇಳುತ್ತಿದ್ದಾರೆ. ಕೊಡಗಿನ ದುಬಾರೆ ಆನೆ ಶಿಬಿರದಲ್ಲಿ ಒಂದು ಬೆಳಿಗ್ಗೆ ಹೊಳೆ ದಡದಲ್ಲಿದ್ದೆ. ಆನೆ ಸ್ನಾನ ನೋಡಲು ಜನ ಫೋನ್ ಹಿಡಿದು ಸಾಲಾಗಿ ನಿಂತಿದ್ದರು. ಮಾವುತ ಒಂದು ಹೆಣ್ಣಾನೆಯನ್ನು ನೀರಿಗೆ ಇಳಿಸಲೇ ಇಲ್ಲ. "ಇವತ್ತು ಬೇಡ ಸಾರ್, ಇವಳು ಸರಿ ಇಲ್ಲ" ಅಂದರು. ನಾನು ಪಶುವೈದ್ಯ, ನನಗೇನೂ ಕಾಣಲಿಲ್ಲ. "ಕಿವಿ ನೋಡಿ" ಅಂದರು. ಪಕ್ಕದ ಆನೆಗಳ ಕಿವಿ ಬೀಸುತ್ತಲೇ ಇತ್ತು. ಇವಳದ್ದು ಸುಮ್ನೆ ನಿಂತಿತ್ತು. ರಾಗಿ ಮುದ್ದೆ ಕೊಟ್ಟರೆ ಸೊಂಡಿಲಲ್ಲಿ ಹಿಡಿದಳು, ಬಾಯಿಗೆ ಹಾಕಲಿಲ್ಲ. ದಡದಲ್ಲಿ ಒಬ್ಬರು "ಟಿಕೆಟ್ ತಗೊಂಡಿದ್ದೀವಲ್ಲ" ಅಂತ ಗೊಣಗಿದರು. ಮಾವುತ ತಿರುಗಿಯೂ ನೋಡದೆ ಅವಳ ಮುಂಗಾಲು ಎತ್ತಿಸಿದರು. ಉಗುರಿನ ಬುಡದಲ್ಲಿ ಸೀಳು, ಒಳಗೆ ಕೀವು. ಕುಂಟುವುದಕ್ಕೆ ಮೊದಲೇ ಗೊತ್ತಾಗಿತ್ತು ಅವರಿಗೆ!

ವಿಜ್ಞಾನಿಗಳು ಲದ್ದಿ ನೋಡುತ್ತಾರೆ. ನಗಬೇಡಿ. ಒತ್ತಡದ ಹಾರ್ಮೋನಿನ ಗುರುತು ಲದ್ದಿಯಲ್ಲಿ ಸಿಗುತ್ತದೆ, ಆನೆಯನ್ನು ಮುಟ್ಟಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹೀಗೇ ಅಳೆದರು. ಕಾಡಲ್ಲೇ ಇರುವ ಆನೆಗಳಿಗಿಂತ ಪೈರಿಗೆ ಇಳಿಯುವ ಆನೆಗಳಲ್ಲಿ ಒತ್ತಡ ಕಡಿಮೆ! ಒಳ್ಳೆ ಮೇವು ಸಿಗುತ್ತದಲ್ಲ, ಅದಕ್ಕೇ ಇರಬೇಕು ಅನ್ನುತ್ತಾರೆ. ನೀವು ಪಟಾಕಿ ಹೊಡೆದು ಓಡಿಸಿದ ಆನೆ ಮರುದಿನ ಹಲಸಿನ ಮರದಡಿ ಯಾಕೆ ನಿಂತಿರುತ್ತದೆ ಅಂತ ಈಗ ಹೊಳೆಯಿತಲ್ವಾ? ಬೇಲಿ ಹಾಕಿ, ಬೇಡ ಅನ್ನುವುದಿಲ್ಲ. ಮೊದಲು ಆನೆ ಕಡೆಯಿಂದ ಯೋಚಿಸಿ.

ನಾಯಿ ವಿಷಯ ತುಂಬಾ ಇತ್ತು, ಸ್ಟುಡಿಯೋ ಗಾಜಿನ ಆಚೆಯಿಂದ ಹೊತ್ತಾಯಿತು ಅಂತ ಕೈ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ನಾಯಿ, ಯಜಮಾನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಇಬ್ಬರಲ್ಲೂ ಆಕ್ಸಿಟೋಸಿನ್ ಏರುತ್ತದೆ. ಜಪಾನಿನವರು 2015ರಲ್ಲಿ ತೋರಿಸಿದ್ದು. ತಾಯಿ ಮಗುವಿನ ನಡುವೆ ಕೆಲಸ ಮಾಡುವ ಹಾರ್ಮೋನ್ ಅದು. ಇಬ್ಬರಲ್ಲೂ ಅಂದೆ, ಕೇಳಿಸಿತಾ? ಎಸ್ಟೇಟ್ ಕಾಯಲು ಹಗಲಿಡೀ ಸರಪಳಿಯಲ್ಲಿ ಕಟ್ಟಿಹಾಕಿದ್ದೀರಲ್ಲ, ಅದನ್ನು ಇವತ್ತು ಸಂಜೆ ಬಿಚ್ಚಿ. ನಮಸ್ಕಾರ.