ಹಾಸನೂರು ದಾರೀಲಿ ಆನೆ ಮತ್ತು ಕಬ್ಬಿನ ಲಾರಿ

ವಿಡಿಯೋದಲ್ಲಿ ಬಲಗಡೆ ನೋಡಿ, ಲಂಟಾನ ಪೊದೆ ಹಿಂದೆ. ಜಿಂಕೆ ಹಿಂಡು. ಕೊಂಬಿರುವುದು ತಲೆ ಎತ್ತಿ ನಮ್ಮ ಕಡೆಯೇ ನೋಡುತ್ತಿದೆ. ಮಾವ ಕಾರು ನಿಧಾನ ಮಾಡಿದ್ದಾರೆ ಅಷ್ಟೇ, ನಿಲ್ಲಿಸಿಲ್ಲ. ತಾಳವಾಡಿಯಿಂದ ಹೊರಟು ಪುಣಜನೂರು ದಾಟಿದರೆ ಅವರ ಕಾರಿನಲ್ಲಿ ಕಾನೂನು ಬೇರೆ. ಇಳಿಯುವ ಹಾಗಿಲ್ಲ, ಹಾರ್ನ್ ಹೊಡೆಯುವ ಹಾಗಿಲ್ಲ.

ಇದಕ್ಕೆ ಸಫಾರಿ ಟಿಕೆಟ್ ಏನೂ ಬೇಡ. ಬೆಂಗಳೂರು–ಕೊಯಮತ್ತೂರು ಹೆದ್ದಾರಿಯೇ ತಮಿಳುನಾಡಿನ ಸತ್ಯಮಂಗಲ ಕಾಡಿನ ಒಳಗೆ ಹೋಗುತ್ತದೆ. 2013ರಲ್ಲಿ ಹುಲಿ ಮೀಸಲು ಆಯಿತು, 1,400 ಚದರ ಕಿಲೋಮೀಟರ್‌ಗಿಂತ ಜಾಸ್ತಿ ಇದೆ. ಹುಲಿ ಕಾಣುತ್ತಾ ಅಂತ ಎಲ್ಲರೂ ಕೇಳುತ್ತೀರಿ. ಹುಲಿ ಬಿಡಿ, ಈ ದಾರಿಯ ಯಜಮಾನಿಕೆ ಆನೆಯದ್ದು.

ಇದು ಕಾರಪ್ಪಳ್ಳಂ ಚೆಕ್‌ಪೋಸ್ಟ್ ಹತ್ತಿರ. ಈ ಭಾಗ ಕಟ್ ಮಾಡದೆ ಹಾಕಿದ್ದೇನೆ. ಹೆಣ್ಣಾನೆ, ಕಾಲ ಪಕ್ಕದಲ್ಲೇ ಮರಿ. ಎದುರಿಗೆ ಕಬ್ಬಿನ ಲಾರಿ. ಸೊಂಡಿಲು ಹಾಕಿ ಎಳೆದುಕೊಂಡಿತು, ಸರಿ, ಅದು ಆನೆ, ಎಳೆಯುತ್ತದೆ. ಆದರೆ ಲಾರಿ ಮೇಲಿನ ಹುಡುಗ ತಾನೇ ಜಲ್ಲೆ ಕಿತ್ತು ರಸ್ತೆಗೆ ಎಸೆಯುತ್ತಿದ್ದಾನೆ, ನೋಡಿ. ಹಿಂದಿನ ಕಾರಿನಿಂದ ಇಬ್ಬರು ಇಳಿದು ಮೊಬೈಲ್ ಬೇರೆ ಹಿಡಿದರು. ಮರಿ ಜೊತೆಗಿರುವ ಆನೆ ಎದುರಿಗೆ! ನನಗೆ ಮೈಯೆಲ್ಲ ಉರಿಯಿತು. ಕಿಟಕಿ ಇಳಿಸಿ ಕೂಗೋಣ ಅಂದರೆ ಮಾವ ಬಿಡಲಿಲ್ಲ. "ಸುಮ್ಗಿರವ್ವ, ಅದೇ ಹೋಯ್ತದೆ" ಅಂದರು.

ಕಬ್ಬು ಎಸೆಯುವುದು ಪುಣ್ಯದ ಕೆಲಸ ಅಲ್ಲ. ದೊಡ್ಡ ಆನೆಗೆ ದಿನಕ್ಕೆ ಹತ್ತಿರ ಹತ್ತಿರ 150 ಕೆಜಿ ಮೇವು ಬೇಕು. ಅದಕ್ಕಾಗಿಯೇ ಅದು ದಿನವೆಲ್ಲ ನಡೆಯುವುದು. ನಿಂತಲ್ಲೇ ಸಿಹಿ ಸಿಕ್ಕಿದರೆ ಯಾಕೆ ನಡೆಯುತ್ತದೆ? ಮರಿ ತಾಯಿಯನ್ನು ನೋಡಿ ಅದನ್ನೇ ಕಲಿಯುತ್ತದೆ. ನಾಳೆ ಬಸ್ಸು, ತರಕಾರಿ ಗಾಡಿ, ಬೈಕು, ಯಾವುದನ್ನೂ ಬಿಡುವುದಿಲ್ಲ. ಬೈಕಿನವನು ಎಲ್ಲಿಗೆ ಓಡಬೇಕು? ಯಾರಿಗಾದರೂ ಏಟಾದರೆ ಅದಕ್ಕೆ ಪುಂಡಾನೆ ಅಂತ ಹೆಸರು. ಎಸೆದವನ ಹೆಸರು ಯಾರೂ ಕೇಳುವುದಿಲ್ಲ. ಆನೆಗೆ ಎಟುಕುವ ಹಾಗೆ ಲಾರಿಗೆ ಅಳತೆ ಮೀರಿ ಕಬ್ಬು ತುಂಬುವುದನ್ನೂ ನಿಲ್ಲಿಸಲೇಬೇಕು.

ಅಂದಹಾಗೆ, ಮದ್ರಾಸ್ ಹೈಕೋರ್ಟ್ ಆದೇಶದಿಂದ 2022ರಲ್ಲಿ ಇಲ್ಲಿ ರಾತ್ರಿ ಗಾಡಿ ಓಡಾಟಕ್ಕೆ ತಡೆ ಬಂತಲ್ಲ, ಅದು ನಮ್ಮ ಕಡೆಯವರಿಗೆ ಕಷ್ಟವೇ. ತರಕಾರಿ ಬೆಳೆದವರು ಮಾರ್ಕೆಟ್ ಮುಟ್ಟುವುದು ಹೇಗೆ? ಊರಿನವರ ಮಾತು ಕೇಳದೆ ಇಂಥದ್ದು ಮಾಡಬಾರದು. ಆದರೆ ಈ ಮರಿಯನ್ನು ನೋಡಿದ ಮೇಲೆ ಹೇಳುತ್ತೇನೆ, ತಡೆ ಇರಲಿ. ಕತ್ತಲಲ್ಲಿ ಲಾರಿ ಬರುವ ವೇಗಕ್ಕೆ ಅದು ಎಲ್ಲಿ ತಪ್ಪಿಸಿಕೊಳ್ಳಬೇಕು?

ಹೊರಟಿತು, ಹೊರಟಿತು! ಎಡಕ್ಕೆ ಇಳಿಯಿತು. ಮರಿ ಬಾಯಲ್ಲಿ ಕಬ್ಬಿನ ಸೋಗೆ.

ಇದು ಹಾಸನೂರು, ಟೀ ಕುಡಿದೆವು. ಮರದ ಮೇಲೆ ಮುಸಿಯಗಳು. ಚಿಪ್ಸ್ ಕೊಡಬೇಡಿ, ದಯವಿಟ್ಟು. ಕೃಷ್ಣಮೃಗ ನೋಡಬೇಕು ಅಂದರೆ ಅವು ಇಲ್ಲಿಲ್ಲ, ಕೆಳಗೆ ಮೋಯಾರ್ ಕಣಿವೆ ಕಡೆ ಇವೆ. ಅದರ ಬಗ್ಗೆ ಬೇರೆ ವಿಡಿಯೋ ಮಾಡುತ್ತೇನೆ, ತುಂಬಾ ಹೇಳುವುದಿದೆ... ಅಯ್ಯೋ, ದಿಂಬಂ ಘಾಟಿ ಬಂದೇಬಿಟ್ಟಿತು. ಇಲ್ಲಿಂದ 27 ತಿರುವು, ಮಾವನ ಜೊತೆ ಮಾತಾಡುವ ಹಾಗಿಲ್ಲ. ಬಣ್ಣಾರಿ ಅಮ್ಮನ ಗುಡಿ ಹತ್ತಿರ ಮತ್ತೆ ಆನ್ ಮಾಡುತ್ತೇನೆ.